‘ದೀರ್ಘ ಗೈರುಹಾಜರಿ’: ಶಾಲಾ ಮಕ್ಕಳ ಮನಸ್ಸಿನ ಆರೈಕೆಯ ಒಂದು ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದರು. ಕಟ್ಟಡ ಎದ್ದ ಬಗೆ, ಜಾಗ ಕೊಟ್ಟ ಪುಣ್ಯಾತ್ಮರು, ಎಸ್.ಎಸ್.ಎಲ್.ಸಿ. ಫಲಿತಾಂಶ, ಕಬಡ್ಡಿ ತಂಡ ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ, ಅವರು ಬರೆಯುತ್ತಾರೆ. ನಾನು ಈ ಹೋಬಳಿಯವನು. 1988ರಿಂದ ಮೂವತ್ತನಾಲ್ಕು ವರ್ಷ ಜಿಲ್ಲೆಯ ಬೇರೆ ಬೇರೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು. ಚರಿತ್ರೆ ಎಂದರೆ ರಾಜರ ಕಾಲಾನುಕ್ರಮ ಮಾತ್ರ ಅಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಶಾಲೆಗೂ ಹಾಗೆಯೇ ದಾಖಲೆಗೆ ಬಾರದ ಒಂದು ಚರಿತ್ರೆ ಇರುತ್ತದೆ. ಮಕ್ಕಳ ಮನಸ್ಸು ಕುಸಿದಾಗ ನಮ್ಮಂಥ ಹಳ್ಳಿ ಶಾಲೆಗಳಲ್ಲಿ ಯಾರು ಏನು ಮಾಡಿದರು, ಸರ್ಕಾರ ಏನು ಮಾಡಬೇಕೆಂದುಕೊಂಡಿತ್ತು, ಏನು ಆಯಿತು, ಇದು ಅಂಥದ್ದು.

ಶಾಲೆಯ ಬೀರುವಿನಲ್ಲಿರುವ ದಾಖಲಾತಿ ವಹಿಯನ್ನು ನೋಡಿದವರಿಗೆ ಗೊತ್ತು, ಅದರ ಕೊನೆಯ ಕಡೆ ‘ಶಾಲೆ ಬಿಟ್ಟ ಕಾರಣ’ ಎಂಬ ಕಾಲಂ ಇರುತ್ತದೆ. ಹೆಚ್ಚಿನ ಮಕ್ಕಳ ಮುಂದೆ ‘ವಿದ್ಯಾಭ್ಯಾಸ ಪೂರೈಸಿದೆ’, ‘ಪೋಷಕರ ಕೋರಿಕೆ’ ಎಂದಿರುತ್ತದೆ. ಅಲ್ಲಲ್ಲಿ ‘ದೀರ್ಘ ಗೈರುಹಾಜರಿ’. ನಾನು ಕೆಲಸ ಮಾಡಿದ ಎಲ್ಲ ಶಾಲೆಗಳಲ್ಲೂ ಆ ಎರಡು ಪದಗಳನ್ನು ನೋಡಿದ್ದೇನೆ. ಮನೆಯಲ್ಲಿ ಕುಡಿತ, ತಾಯಿಯ ಸಾವು, ಗಣಿತದ ಭಯ, ಯಾರೋ ಇಟ್ಟ ಅಡ್ಡಹೆಸರು, ಬೇಗನೆ ಗೊತ್ತಾದ ಮದುವೆ, ಮಗುವಿಗೇ ಹೆಸರು ಹೇಳಲು ಬಾರದ ಒಂದು ಮಂಕು, ಎಲ್ಲವೂ ಆ ಒಂದೇ ಮಾತಿನೊಳಗೆ ಸೇರಿಹೋಗಿವೆ. ಗುಮಾಸ್ತರನ್ನು ದೂರುವಂತಿಲ್ಲ. ಕಾಲಂ ಇರುವುದೇ ಅರ್ಧ ಅಂಗುಲ.

ಹಾಗೆಂದು ದೇಶದಲ್ಲಿ ಯಾರಿಗೂ ಈ ವಿಷಯ ಹೊಳೆದಿರಲಿಲ್ಲ ಎಂದೇನೂ ಅಲ್ಲ. 1952–53ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವೇ ಮಕ್ಕಳಿಗೆ ಮಾರ್ಗದರ್ಶನ, ಸಲಹೆ ಕೊಡುವ ವ್ಯವಸ್ಥೆ ಶಾಲೆಯಲ್ಲಿರಬೇಕೆಂದು ಹೇಳಿತ್ತು. ಆಮೇಲೆ ಬಂದದ್ದು ಕೊಠಾರಿ ಆಯೋಗ. 1964ರಲ್ಲಿ ನೇಮಕವಾಗಿ 1966ರಲ್ಲಿ ವರದಿ ಕೊಟ್ಟಿತು. ಬಿ.ಇಡಿ. ಓದುವಾಗ ಅದನ್ನು ನಾವೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡಿದವರೇ. ಅದರಲ್ಲಿ ಒಂದು ಶಿಫಾರಸು ಇದೆ, ಯಾರೂ ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ಎಲ್ಲ ಪ್ರೌಢಶಾಲೆಗಳಲ್ಲೂ ತರಬೇತಾದ ಸಲಹೆಗಾರರು ಇರಬೇಕೆಂಬುದು ಕೊನೆಯ ಗುರಿ. ಅಲ್ಲಿಯವರೆಗೆ ಹತ್ತು ಶಾಲೆಗಳ ಒಂದು ಗುಂಪಿಗೆ ಒಬ್ಬ ಸಲಹೆಗಾರ, ಶಾಲೆಯಿಂದ ಶಾಲೆಗೆ ಓಡಾಡುತ್ತಾ ಬರಬೇಕು, ಸಣ್ಣಪುಟ್ಟ ಕೆಲಸಕ್ಕೆ ಅಲ್ಲಿನ ಶಿಕ್ಷಕರು ಕೈಜೋಡಿಸಬೇಕು.

ಹತ್ತು ಶಾಲೆಗೊಬ್ಬರು. ದೊಡ್ಡ ಆಸೆಯೇನಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ ಕಸಬಾ, ಹುಲಿಯೂರುದುರ್ಗ, ಯಡಿಯೂರು, ಅಮೃತೂರು, ಹುತ್ರಿದುರ್ಗ, ನಮ್ಮ ಕೊತ್ತಗೆರೆ ಸೇರಿ ಆರು ಹೋಬಳಿ. ಹೋಬಳಿಗೊಬ್ಬರೆಂದರೂ ಆರು ಜನ ಸಾಕಿತ್ತು. ಪಶುವೈದ್ಯರು, ಕಂದಾಯ ನಿರೀಕ್ಷಕರು, ಕೃಷಿ ಅಧಿಕಾರಿ ಎಲ್ಲರೂ ಹೋಬಳಿಗೊಬ್ಬರು ಬಂದರು. ನನ್ನ ಸೇವೆಯ ಮೂವತ್ತನಾಲ್ಕು ವರ್ಷಗಳಲ್ಲಿ ಈ ಓಡಾಡುವ ಸಲಹೆಗಾರರು ನಾನಿದ್ದ ಯಾವ ಶಾಲೆಯ ಬಾಗಿಲಿಗೂ ಬಂದದ್ದನ್ನು ಕಾಣಲಿಲ್ಲ. ಅವರ ಕೆಲಸ ಮಾತ್ರ ದಿನವೂ ಬರುತ್ತಿತ್ತು. ಅದನ್ನು ಮಾಡಿದವರು ಯಾರು ಎಂಬುದೇ ನಾನು ಹೇಳಹೊರಟ ಸಂಗತಿ.

ಮೊದಲು ಆಸ್ಪತ್ರೆಯ ಕಡೆಯ ಕಥೆ ಸ್ವಲ್ಪ ಹೇಳಬೇಕು. ನಮಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲೇ, ಬೆಂಗಳೂರಿನಲ್ಲಿ, ದೇಶದಲ್ಲೇ ಹೆಸರಾದ ಸಂಸ್ಥೆ ಇದೆ. ಅದರ ಬೇರು 1847ರ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರು ತೆಗೆದು ‘ಮಾನಸಿಕ ಆಸ್ಪತ್ರೆ’ ಎಂದು ಕರೆಯಿತು. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರ್ 27ರಂದು ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಂದರೆ ಅದಕ್ಕೂ ಈಚೆಗೆ ಐವತ್ತು ತುಂಬಿದೆ, ಹೆಚ್ಚುಕಡಿಮೆ ನಮ್ಮ ಶಾಲೆಯ ಓರಗೆ. ಆದರೆ ನಮ್ಮ ಹಳ್ಳಿಗಳಲ್ಲಿ ಆ ಹೆಸರು ಕೇಳಿದರೆ ಜನ ಧ್ವನಿ ತಗ್ಗಿಸುತ್ತಿದ್ದರು. ‘ನಿಮ್ಹಾನ್ಸಿಗೆ ಹಾಕವ್ರಂತೆ’ ಎಂದರೆ ಆ ಮನೆಗೆ ಹೆಣ್ಣು ಕೊಡುವುದೂ ತರುವುದೂ ಕಷ್ಟ. ಮೇಷ್ಟ್ರಾದವನು ಒಂದು ಮಗುವಿನ ತಂದೆಗೆ ‘ಅಲ್ಲಿಗೊಮ್ಮೆ ಕರೆದುಕೊಂಡು ಹೋಗಿ’ ಎನ್ನುವುದು ಬೈಗುಳಕ್ಕೆ ಸಮ.

ಆ ದೂರವನ್ನು ಕಡಿಮೆ ಮಾಡಲು ನಿಮ್ಹಾನ್ಸಿನವರು ಹಳ್ಳಿಗೆ ಇಳಿದರು. 1970ರ ದಶಕದಲ್ಲೇ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಮಾಡಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿ ನೋಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ನಮ್ಮದೇ ಬಳ್ಳಾರಿಯಲ್ಲಿ, 1980ರ ದಶಕದ ನಡುವೆ. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಇದೆಲ್ಲ ಬಹುಮಟ್ಟಿಗೆ ದೊಡ್ಡವರ ಕಾಯಿಲೆಯ ಮಾತು. ಶಾಲೆಯ ಕಡೆ ಮುಖ ಮಾಡಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಅದೇ ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಡಾ. ಮಾಲವಿಕಾ ಕಪೂರ್ ಅವರದು. ಮಕ್ಕಳ ತಜ್ಞರು ಬೆರಳೆಣಿಕೆಯಷ್ಟಿರುವ ನಾಡಿನಲ್ಲಿ ಶಿಕ್ಷಕರಿಗೇ ಈ ವಿದ್ಯೆ ಕಲಿಸಬೇಕು ಎಂಬುದು ಅವರ ದಾರಿ.

ಕನ್ನಡದಲ್ಲಿ ಓದುವ ನಮಗೆ ಈ ವಿಷಯ ತಲುಪಿದ್ದು ತರಬೇತಿಗಿಂತ ಮೊದಲು ಪುಸ್ತಕಗಳಿಂದ. ಕೊರವಂಜಿಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುತ್ತಿದ್ದ ವೈದ್ಯರೊಬ್ಬರು ಮನಸ್ಸಿನ ಕಾಯಿಲೆಯ ಬಗ್ಗೆ ಬರೆದರೆಂದು ಓದಿದವರು ಬಹಳ. ಆಮೇಲೆ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು. ಖಿನ್ನತೆ, ಆತಂಕ, ಗೀಳು ಎಂಬ ಪದಗಳು ಸ್ಟಾಫ್ ರೂಮಿನ ಮಾತಿಗೆ ಬಂದದ್ದು ಇಂಥವರ ಪುಸ್ತಕಗಳಿಂದಲೇ. ಅದಕ್ಕೆ ಮೊದಲು ನಮ್ಮಲ್ಲಿ ಇದ್ದದ್ದು ಎರಡೇ ಪದ: ‘ದಡ್ಡ’ ಮತ್ತು ‘ಸೋಂಬೇರಿ’. ಹೆಣ್ಣುಮಕ್ಕಳಾದರೆ ಮೂರನೆಯದೊಂದು, ‘ಗಾಳಿ ಸೋಕಿದೆ’.

ಇನ್ನು ಬೆತ್ತದ ಮಾತು. ಅದನ್ನು ಬಿಟ್ಟು ಈ ಚರಿತ್ರೆ ಬರೆದರೆ ಓದುವ ಹಳೆಯ ವಿದ್ಯಾರ್ಥಿಗಳು ನಗುತ್ತಾರೆ. ಒಂದು ಕಾಲಕ್ಕೆ ಎಲ್ಲ ಊರಿನ ಎಲ್ಲ ಶಾಲೆಯಲ್ಲೂ ಅದೇ ಮಾರ್ಗದರ್ಶನ, ಅದೇ ಸಲಹೆ. ತಂದೆತಾಯಿಯೇ ‘ಕಣ್ಣೆರಡು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಮೇಷ್ಟ್ರೇ’ ಎಂದು ಒಪ್ಪಿಸಿ ಹೋಗುತ್ತಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಕಾಯ್ದೆ ಇರುವುದು 14 ವರ್ಷದವರೆಗಿನ ಮಕ್ಕಳಿಗೆ, ಎಂದರೆ ನಮ್ಮಲ್ಲಿ ಎಂಟನೇ ತರಗತಿಗೆ. ಆದರೆ ಎಂಟಕ್ಕೊಂದು ನ್ಯಾಯ, ಒಂಬತ್ತಕ್ಕೊಂದು ನ್ಯಾಯ ಮಾಡಲು ಯಾವ ಮೇಷ್ಟ್ರಿಗೂ ಆಗದೆ ಬೆತ್ತ ಮೂರೂ ತರಗತಿಗಳಿಂದ ನಿಧಾನಕ್ಕೆ ಹೊರಬಿತ್ತು. ನನ್ನ ಕಣ್ಣಿಗೆ ಅದಕ್ಕಿಂತ ಮುಖ್ಯವೆನಿಸಿದ್ದು ‘ಮಾನಸಿಕ ಹಿಂಸೆ’ ಎಂಬ ಮಾತು. ಎಲ್ಲರ ಮುಂದೆ ಅಪ್ಪನ ಹೆಸರು ಹಿಡಿದು ಅಣಕಿಸುವುದು, ಅಂಕ ಓದಿ ನಗಿಸುವುದು, ಇವೂ ಪೆಟ್ಟೇ ಎಂದು ಕಾನೂನು ಮೊದಲ ಸಲ ಹೇಳಿತು.

ಬೆತ್ತ ಹೋದ ಜಾಗದಲ್ಲಿ ಏನು ಬರಬೇಕಿತ್ತೋ ಅದು ಬರಲಿಲ್ಲ, ಅಥವಾ ತುಂಡುತುಂಡಾಗಿ ಬಂತು. ಅವುಗಳಲ್ಲಿ ಗಟ್ಟಿಯಾದದ್ದು ಜೀವನ ಕೌಶಲ ಶಿಕ್ಷಣ. ನಿಮ್ಹಾನ್ಸಿನ ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ.ವಿ. ಕಿಶೋರ್ ಕುಮಾರ್ ಅವರು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಹತ್ತು ಜೀವನ ಕೌಶಲಗಳನ್ನು ಇಟ್ಟುಕೊಂಡು ಪ್ರೌಢಶಾಲೆಯ ಮಕ್ಕಳಿಗೆ ಚಟುವಟಿಕೆಗಳನ್ನು ರೂಪಿಸಿದರು. ಉಪನ್ಯಾಸವಲ್ಲ, ಗುಂಪು ಮಾಡಿ ಕೂರಿಸಿ ಮಕ್ಕಳಿಂದಲೇ ಮಾತಾಡಿಸುವುದು. ಸಿಟ್ಟು ಬಂದಾಗ ಏನು ಮಾಡುತ್ತೀರಿ, ಗೆಳೆಯ ಬೀಡಿ ಸೇದು ಎಂದರೆ ಹೇಗೆ ಬೇಡ ಎನ್ನುತ್ತೀರಿ, ಇಂಥವು. ನಡೆಸಬೇಕಾದವರು ಶಿಕ್ಷಕರೇ. 2010ರಲ್ಲಿ ಅವರು ಅದರ ಫಲವನ್ನು ಪ್ರಕಟಿಸಿದರು. ಕಾರ್ಯಕ್ರಮ ನಡೆದ ಶಾಲೆಗಳ 605 ಮಕ್ಕಳನ್ನು, ನಡೆಯದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದ್ದರು. ಕಲಿತ ಮಕ್ಕಳಲ್ಲಿ ತಮ್ಮ ಬಗೆಗಿನ ಗೌರವ ಹೆಚ್ಚಿತ್ತು, ಕಷ್ಟ ಎದುರಿಸಬಲ್ಲೆವೆಂಬ ಭಾವ ಹೆಚ್ಚಿತ್ತು, ಶಿಕ್ಷಕರೊಂದಿಗೆ, ಶಾಲೆಯೊಂದಿಗೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮನೆಯೊಂದಿಗಿನ ಹೊಂದಾಣಿಕೆಯಲ್ಲಾಗಲಿ, ಮಾನಸಿಕ ತೊಂದರೆಯ ಲಕ್ಷಣಗಳಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಸಾಲನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಶಾಲೆಯ ಗೇಟಿನವರೆಗೆ ಪಾಠ ಕೈಹಿಡಿಯುತ್ತದೆ, ಆಚೆಗೆ ಇಲ್ಲ. ಆಚೆಗೆ ಯಾರಾದರೂ ಮನುಷ್ಯರೇ ಹೋಗಬೇಕು.

ಹಾಗೆ ಹೋದ ಒಬ್ಬರನ್ನು ಬಲ್ಲೆ. ಶಾಲೆಯ ಹೆಸರು, ಊರಿನ ಹೆಸರು ಬೇಡ. 2007–08ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಪ್ರೌಢಶಾಲೆಗೂ ಬಂದಿತ್ತು. ಆಮೇಲಿನ ವರ್ಷಗಳಲ್ಲೊಮ್ಮೆ ಒಂಬತ್ತನೇ ತರಗತಿಯ ಒಬ್ಬ ಹುಡುಗ ಊಟ ಮಾಡಿದ ಕೂಡಲೇ ಕಾಣೆಯಾಗುತ್ತಿದ್ದ. ‘ಅನ್ನಕ್ಕೆ ಬರ್ತಾನೆ, ಅಕ್ಷರಕ್ಕಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದರು, ಆ ಮಾತು ಹುಡುಗರ ಬಾಯಿಗೂ ಹೋಯಿತು. ನಮ್ಮ ಪಿ.ಟಿ. ಮೇಷ್ಟ್ರು ಒಂದು ಮಧ್ಯಾಹ್ನ ಅವನ ಹಿಂದೆ ಸೈಕಲ್ ತುಳಿದುಕೊಂಡು ಹೋದರು. ಹುಡುಗ ಆಡಲು ಹೋಗಿರಲಿಲ್ಲ. ಮನೆಯ ಮುಂದಿನ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಮೇಷ್ಟ್ರು ಪಕ್ಕದಲ್ಲಿ ಕೂತರು. ಸುಮಾರು ಹೊತ್ತಿನ ಮೇಲೆ ಹುಡುಗ ಹೇಳಿದ: ‘ಅಪ್ಪ ಮೂರು ಗಂಟೆಗೆ ಕುಡ್ಕಂಡ್ ಬತ್ತಾನೆ ಸಾರ್. ನಾನಿದ್ರೆ ಅವ್ವುಂಗೆ ಹೊಡಿಯಲ್ಲ.’

ಪಿ.ಟಿ. ಮೇಷ್ಟ್ರಿಗೆ ಮನಶ್ಶಾಸ್ತ್ರದ ಯಾವ ತರಬೇತಿಯೂ ಇರಲಿಲ್ಲ. ಅವರು ಮಾಡಿದ್ದಿಷ್ಟು. ಹೆಡ್‌ಮಾಸ್ಟರಿಗೆ ಮಾತ್ರ ವಿಷಯ ತಿಳಿಸಿದರು. ಹುಡುಗನ ಚಿಕ್ಕಪ್ಪನನ್ನು ಹುಡುಕಿ, ಮಧ್ಯಾಹ್ನದ ಹೊತ್ತು ಆ ಮನೆಯ ಕಡೆ ಇರುವಂತೆ ಒಪ್ಪಿಸಿದರು. ತಪ್ಪಿಹೋದ ಪಾಠವನ್ನು ಬೆಳಿಗ್ಗೆ ಒಂಬತ್ತಕ್ಕೆ ಬಂದು ಬರೆದುಕೊಳ್ಳಲು ಹುಡುಗನಿಗೆ ಆಫೀಸು ಕೋಣೆ ತೆರೆಸಿಟ್ಟರು. ಸ್ಟಾಫ್ ರೂಮಿನಲ್ಲಿ ಅನ್ನ–ಅಕ್ಷರದ ಮಾತು ಮತ್ತೆ ಬಂದಾಗ ಎದ್ದು ನಿಂತು ‘ಆ ಮಾತು ಸಾಕು’ ಎಂದರು. ಅಪ್ಪನ ಕುಡಿತ ನಿಲ್ಲಲಿಲ್ಲ. ಹುಡುಗ ಹತ್ತನೆಯದನ್ನು ಎರಡನೇ ಸಲಕ್ಕೆ ಪಾಸು ಮಾಡಿದ. ಆ ವರ್ಷದ ಹಾಜರಿ ಪುಸ್ತಕ ತೆಗೆದರೆ ಅವನ ಮಧ್ಯಾಹ್ನಗಳ ಮುಂದೆ ಸಾಲಾಗಿ ‘ಗೈ’ ಎಂದಿದೆ, ಅಷ್ಟೇ.

ಇನ್ನೊಂದು 2016ರ ನಂತರದ್ದು, ಬೇರೆ ಶಾಲೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಂತೆ ಹತ್ತನೇ ತರಗತಿಯ ಒಬ್ಬ ಹುಡುಗಿ ಪ್ರಾರ್ಥನೆಯ ಹೊತ್ತಿನಲ್ಲಿ ಬೀಳತೊಡಗಿದಳು. ಕೈ ಬಿಗಿಯುತ್ತಿತ್ತು, ಮಾತು ನಿಲ್ಲುತ್ತಿತ್ತು. ನಾಲ್ಕನೇ ದಿನ ಇನ್ನಿಬ್ಬರು ಹುಡುಗಿಯರೂ ಬಿದ್ದರು. ಊರಲ್ಲಿ ಸುದ್ದಿಯೋ ಸುದ್ದಿ. ಶಾಲೆಯ ಹಿಂದಿನ ಹುಣಸೆಮರದ ಮೇಲೆ ತಪ್ಪು ಬಂತು. ತಾಯತ ಕಟ್ಟಿಸಿದ್ದಾಯಿತು, ಯಂತ್ರ ಬರೆಸಿದ್ದಾಯಿತು. ವಿಜ್ಞಾನದ ಮೇಡಂ ಮನೆಗೆ ಹೋದಾಗ ಹುಡುಗಿಯ ಅಜ್ಜಿ ಕೇಳಿದರು: ‘ಗಾಳಿ ಸೋಕೈತೆ ಮೇಡಮ್ಮೋರೆ, ನಿಮ್ ಡಾಕ್ಟ್ರು ಗಾಳಿ ಬಿಡುಸ್ತಾರಾ?’ ಮೇಡಂ ವಾದ ಮಾಡಲಿಲ್ಲ. ‘ತಾಯತ ಇರ್ಲಿ ಅಜ್ಜಿ, ಅದ್ರ ಜೊತೆಗೆ ಒಂದ್ಸಲ ತೋರ್ಸೋಣ’ ಎಂದರು.

ಅಷ್ಟರಲ್ಲಿ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಬಂದಿತ್ತು. 2014ರಲ್ಲಿ ಶುರುವಾದದ್ದು, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು. ನನ್ನ ಮಟ್ಟಿಗೆ ಐವತ್ತು ವರ್ಷಗಳಲ್ಲಿ ನಮ್ಮ ಕಡೆಯ ಜನಕ್ಕೆ ನಿಜಕ್ಕೂ ಎಟುಕಿದ ಮೊದಲ ವ್ಯವಸ್ಥೆ ಅದು, ಏಕೆಂದರೆ ತಾಲ್ಲೂಕು ಆಸ್ಪತ್ರೆಗೆ ಹೋದರೆ ಯಾರೂ ಯಾಕೆಂದು ಕೇಳುವುದಿಲ್ಲ. ಜ್ವರಕ್ಕೂ ಅಲ್ಲಿಗೇ ಹೋಗುತ್ತಾರೆ. ವೈದ್ಯರು ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯ ಜೊತೆ ಮೇಡಂ ಎದುರಿನಲ್ಲೇ ಮಾತಾಡಿದರು. ಪರೀಕ್ಷೆ ಮುಗಿದ ವಾರಕ್ಕೆ ಸೋದರಮಾವನ ಜೊತೆ ಮದುವೆ ನಿಶ್ಚಯವಾಗಿತ್ತು. ಅವಳಿಗೆ ಹದಿನಾರೂ ತುಂಬಿರಲಿಲ್ಲ. ಯಾರಿಗೂ ಬೇಡ ಎನ್ನಲಾರದೆ ಮೈಯೇ ಬೇಡ ಎಂದಿತ್ತು. ಇದು ನಟನೆಯಲ್ಲ, ದೆವ್ವವೂ ಅಲ್ಲ, ಹೇಳಲಾಗದ್ದು ಹೀಗೆ ಬರುತ್ತದೆ ಎಂದು ವೈದ್ಯರು ತಾಯಿಗೆ ವಿವರಿಸಿದರು. ಬಾಲ್ಯವಿವಾಹ ನಿಷೇಧ ಕಾಯ್ದೆಯ ಮಾತನ್ನು ಹೆಡ್‌ಮಾಸ್ಟರು ಮೆತ್ತಗೆ ಹೇಳಿದರು, 1098ರ ಮಾತನ್ನು ಅಷ್ಟು ಮೆತ್ತಗಲ್ಲದೆ ಹೇಳಿದರು. ಮದುವೆ ಮುಂದಕ್ಕೆ ಹೋಯಿತು. ಅಜ್ಜಿಯೇ ಮುಂದೆ ನಿಂತು ‘ಕೂಸು ಓದ್ಕಳ್ಳಿ’ ಎಂದದ್ದು ಅದಕ್ಕೆ ಮುಖ್ಯ ಕಾರಣ. ಉಳಿದಿಬ್ಬರು ಹುಡುಗಿಯರು ತಾವಾಗಿಯೇ ಬೀಳುವುದು ನಿಲ್ಲಿಸಿದರು. ಹುಣಸೆಮರ ಮಾತ್ರ ಅಷ್ಟರಲ್ಲಿ ಕಡಿದಾಗಿತ್ತು.

ಇಂಥ ಮಕ್ಕಳು ಎಷ್ಟಿರಬಹುದು? ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಇನ್ನೂರು ಮಕ್ಕಳ ಒಂದು ಪ್ರೌಢಶಾಲೆಗೆ ಲೆಕ್ಕ ಹಾಕಿದರೆ ಹದಿನಾಲ್ಕು, ಹದಿನೈದು ಮಕ್ಕಳು. ಒಂದೊಂದು ತರಗತಿಯಲ್ಲೂ ಒಂದು ಬೆಂಚಿನಷ್ಟು. ಜಗಲಿಯ ಮೇಲೆ ಕೂತ ಆ ಹುಡುಗನಂಥವರು ಈ ಲೆಕ್ಕದಲ್ಲಿ ಬರುತ್ತಾರೋ ಇಲ್ಲವೋ, ಅವನಿಗೆ ಕಾಯಿಲೆ ಏನೂ ಇರಲಿಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆ ಕಾಲದ ಬಗ್ಗೆ ಈ ಸಂಚಿಕೆಯಲ್ಲಿ ಬೇರೆಯವರೂ ಬರೆಯಬಹುದು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ನಾವು ಹಳ್ಳಿಹಳ್ಳಿಗೆ ಹೋಗಿ ದೇವಸ್ಥಾನದ ಪ್ರಾಂಗಣ, ಅರಳಿಕಟ್ಟೆ, ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡೆವು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಪಾಠ ಎಷ್ಟಾಯಿತೋ ಗೊತ್ತಿಲ್ಲ. ಆದರೆ ಬಹಳ ಶಿಕ್ಷಕರು ತಮ್ಮ ಮಕ್ಕಳ ಮನೆ ನೋಡಿದ್ದು ಅದೇ ಮೊದಲು. ಯಾರ ಮನೆಗೆ ಬಾಗಿಲಿಲ್ಲ, ಯಾರ ಅಪ್ಪ ಬೆಂಗಳೂರಿನ ಕೆಲಸ ಬಿಟ್ಟು ಬಂದು ಗೋಡೆ ನೋಡುತ್ತಾ ಕೂತಿದ್ದಾನೆ, ಯಾವ ಹುಡುಗಿಯನ್ನು ಒಳಗೆ ಕೂರಿಸಿದ್ದಾರೆ, ಎಲ್ಲ ಕಂಡಿತು. 2021ರ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಎಸ್.ಎಸ್.ಎಲ್.ಸಿ. ಮುಗಿಯಿತು. ತರಗತಿಗೆ ಮರಳಿದ ಮಕ್ಕಳು ಮೊದಲಿನಂತೆ ಗಲಾಟೆ ಮಾಡುತ್ತಿರಲಿಲ್ಲ. ಗಲಾಟೆ ಇಲ್ಲದ ತರಗತಿ ನೋಡಿ ಹೆದರಿಕೆಯಾದದ್ದು ನನ್ನ ಸೇವೆಯಲ್ಲಿ ಅದೊಂದೇ ಸಲ.

ಆ ವರ್ಷಗಳಲ್ಲೇ ಸರ್ಕಾರದ ಕಡೆಯಿಂದ ಒಂದರ ಮೇಲೊಂದು ಯೋಜನೆ ಬಂದವು. 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ: ಶಾಲೆಗೆ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು, 11 ವಿಷಯಗಳು, ಅದರಲ್ಲಿ ಮಾನಸಿಕ ಸ್ವಾಸ್ಥ್ಯವೂ ಒಂದು. ಜುಲೈನಲ್ಲಿ ಕೇಂದ್ರದ ಮನೋದರ್ಪಣ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್: 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಓದುತ್ತಿರುವ ಮಕ್ಕಳೂ ಪೋಷಕರೂ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ, ಫಲಿತಾಂಶದ ವಾರದಲ್ಲಂತೂ ಎದುರಿಗೇ ಇರಲಿ. ನಾನು ಇವುಗಳನ್ನು ಹೀಯಾಳಿಸುವವನಲ್ಲ. ಆದರೆ ಇವೆಲ್ಲವೂ ಒಂದೋ ಫೋನಿನ ಆಚೆ ಇರುವವರನ್ನು, ಇಲ್ಲವೇ ಈಗಾಗಲೇ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಹೊತ್ತ ಅದೇ ಶಿಕ್ಷಕರನ್ನು ನಂಬಿಕೊಂಡಿವೆ. 1966ರಲ್ಲಿ ಹೇಳಿದ ಆ ಹತ್ತು ಶಾಲೆಗೊಬ್ಬರನ್ನು ನಾವು ಇನ್ನೂ ಎದುರುನೋಡುತ್ತಲೇ ಇದ್ದೇವೆ. ಸೈಕಲ್ ತುಳಿದು ಜಗಲಿಯವರೆಗೆ ಹೋಗುವವರು ಬೇಕು, ಮತ್ತು ಅದೇ ಅವರ ಕೆಲಸವಾಗಿರಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರು, ದಾದಿಯರು, ಪಂಚಾಯಿತಿ ಸದಸ್ಯರು ಇದ್ದಾರೆ. ಶಾಸಕರ ಮುಂದೆ, ಇಲಾಖೆಯ ಮುಂದೆ ಕೊಠಡಿ ಕೇಳುವಾಗ ಹೋಬಳಿಗೊಬ್ಬ ಆಪ್ತಸಮಾಲೋಚಕರನ್ನೂ ಕೇಳಬಹುದು.

ಸಮಿತಿಯವರ ಬಳಿ ಒಂದು ಸಣ್ಣ ಕೆಲಸಕ್ಕೆ ಅನುಮತಿ ಕೇಳಿದ್ದೇನೆ, ಆಗಲಿ ಎಂದಿದ್ದಾರೆ. ನಿಮ್ಮ ಬೆಂಚಿನಲ್ಲಿ ಕೂತಿದ್ದು ಮಧ್ಯದಲ್ಲಿ ಶಾಲೆ ಬಿಟ್ಟ ಒಬ್ಬರಾದರೂ ನಿಮಗೆ ನೆನಪಿರಬೇಕು. ವಹಿಯಲ್ಲಿ ಅವರ ಮುಂದೆ ಏನು ಬರೆದಿದೆಯೋ ಇರಲಿ, ನಿಜವಾದ ಕಾರಣ ನಿಮಗೆ ಗೊತ್ತಿದ್ದರೆ ಒಂದು ಹಾಳೆಯಲ್ಲಿ ಬರೆದುಕೊಡಿ. ಹೆಸರು ಬೇಡ, ಊರು ಬೇಡ, ವರ್ಷ ಸಾಕು. ಬರೆಯಲು ಆಗದವರು ಕಾರ್ಯಕ್ರಮದ ದಿನ ಸಿಕ್ಕಿ ಹೇಳಿದರೂ ಆದೀತು. ನಾನು ಹಿಂದಿನ ಸಾಲಿನಲ್ಲಿ ಪುಸ್ತಕ ಹಿಡಿದು ಕೂತಿರುತ್ತೇನೆ, ಬರೆದುಕೊಳ್ಳುತ್ತೇನೆ.